ಪ್ರೌಢಶಾಲೆಯ ರಸಾಯನಶಾಸ್ತ್ರವೂ ನಮ್ಮ ಮಕ್ಕಳೂ

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮರುದಿನ ನಮ್ಮ ವೃತ್ತಪತ್ರಿಕೆಗಳಲ್ಲಿ ತಪ್ಪದೆ ಕಾಣಿಸುವ ತಲೆಬರಹವೊಂದುಂಟು: ‘ಬಾಲಕಿಯರದೇ ಮೇಲುಗೈ’. ಓದಿದವರು ‘ಹೆಣ್ಣುಮಕ್ಕಳು ಜಾಣೆಯರಪ್ಪ’ ಎಂದು ಪುಟ ತಿರುವುತ್ತಾರೆ. ಕೆಲವು ದಿನಗಳ ತರುವಾಯ ಇದೇ ಜನ ಮಗಳನ್ನು ಕರೆದುಕೊಂಡು ಪದವಿಪೂರ್ವ ಕಾಲೇಜಿನ ಕಿಟಕಿಯ ಮುಂದೆ ನಿಂತಾಗ ಆಡುವ ಮಾತೇ ಬೇರೆ: ‘ಸೈನ್ಸು ಹೆಣ್ಣುಮಕ್ಕಳಿಗೆ ಕಷ್ಟ ಸಾರ್, ಆರ್ಟ್ಸೇ ಬರ್ಕೊಳ್ಳಿ.’ ಜಾಣೆಯೂ ಹೌದು, ಕಷ್ಟವೂ ಹೌದು! ಒಂದೇ ಬಾಯಿಂದ ಬರುವ ಈ ಎರಡು ಮಾತುಗಳ ನಡುವೆ ಏನಿದೆಯೆಂಬುದನ್ನು ಸ್ವಲ್ಪ ವಿಚಾರ ಮಾಡಿ ನೋಡುವುದು ಈ ಲೇಖನದ ಉದ್ದೇಶ.

ನಾನು ಈ ಕಾಲೇಜಿಗೆ ಬರುವ ಮುನ್ನ ಹಲವು ವರ್ಷ ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿ ತಾಲ್ಲೂಕುಗಳ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟವನು. ಈಗ ಶಿಕ್ಷಣಶಾಸ್ತ್ರದ ಅಧ್ಯಾಪಕ. ನಮ್ಮ ಕಲಾ ವಿಭಾಗದ ವಿದ್ಯಾರ್ಥಿ ವಿದ್ಯಾರ್ಥಿನಿಯರಲ್ಲಿ ಅನೇಕರು ಮುಂದೆ ಬಿ.ಎಡ್. ಮುಗಿಸಿ ಶಾಲೆಗಳಿಗೆ ಹೋಗತಕ್ಕವರು. ಉಳಿದವರೂ ತಂದೆತಾಯಿಗಳಾಗಿ ಮಕ್ಕಳ ಓದನ್ನು ನೋಡಿಕೊಳ್ಳತಕ್ಕವರೇ. ಆದ್ದರಿಂದ ರಸಾಯನಶಾಸ್ತ್ರದ ಹೆಸರು ಕೇಳಿದೊಡನೆ ‘ಇದು ನಮಗಲ್ಲ’ ಎಂದು ಪುಟ ಮಗುಚಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಮೊದಲು ಅಂಕಿಗಳನ್ನು ನೋಡೋಣ. 2023ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಬಾಲಕಿಯರಲ್ಲಿ ಶೇಕಡ 87.87 ಮಂದಿಯೂ ಬಾಲಕರಲ್ಲಿ ಶೇಕಡ 80.08 ಮಂದಿಯೂ ತೇರ್ಗಡೆಯಾದರು. 2024ರ ಮೊದಲ ಪರೀಕ್ಷೆಯಲ್ಲಿ ಬಾಲಕಿಯರು ಶೇಕಡ 81.11, ಬಾಲಕರು ಶೇಕಡ 65.90. ಅಂದರೆ ಒಂದು ವರ್ಷ 8ಕ್ಕಿಂತಲೂ ಕಡಿಮೆಯಿದ್ದ ಅಂತರ ಮರುವರ್ಷ 15ನ್ನು ದಾಟಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಅಂತರಕ್ಕೆ ಹುಟ್ಟುಗುಣವೇ ಕಾರಣವಾಗಿದ್ದರೆ ಹನ್ನೆರಡು ತಿಂಗಳಲ್ಲಿ ಅದು ಇಮ್ಮಡಿಯ ಹತ್ತಿರಕ್ಕೆ ಹೋಗುವುದು ಹೇಗೆ? ಕರ್ನಾಟಕದ ಗಂಡುಮಕ್ಕಳ ಮಿದುಳು ಒಂದು ವರ್ಷದಲ್ಲಿ ಬದಲಾಗಲಿಲ್ಲ. ಬದಲಾದದ್ದು ಪರೀಕ್ಷೆಯ ಏರ್ಪಾಡು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇರಿಸಿ, ವೆಬ್‌ಕಾಸ್ಟಿಂಗ್ ಮೂಲಕ ದೂರದಿಂದಲೇ ಮೇಲ್ವಿಚಾರಣೆ ನಡೆಸಿದರು. ಬಿಗಿ ಹೆಚ್ಚಿದಾಗ ಇಬ್ಬರ ಫಲಿತಾಂಶವೂ ಇಳಿಯಿತು. ಬಾಲಕರದು ಹೆಚ್ಚು ಇಳಿಯಿತು. ಅಂತರವನ್ನು ಹಿಗ್ಗಿಸುವ ಕುಗ್ಗಿಸುವ ಶಕ್ತಿ ಸನ್ನಿವೇಶಕ್ಕೆ ಎಷ್ಟಿದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಇವು ಎಲ್ಲ ವಿಷಯಗಳೂ ಸೇರಿದ ತೇರ್ಗಡೆಯ ಅಂಕಿಗಳು. ನಮ್ಮ ರಾಜ್ಯದ ಹತ್ತನೆಯ ತರಗತಿಯಲ್ಲಿ ರಸಾಯನಶಾಸ್ತ್ರಕ್ಕೆ ಬೇರೆ ಅಂಕವೇ ಇಲ್ಲ. ಭೌತ, ರಸಾಯನ, ಜೀವ ಮೂರೂ ಕೂಡಿ ವಿಜ್ಞಾನವೆಂಬ ಒಂದೇ ಪತ್ರಿಕೆ. ಅದರಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಹೊರಗಿನಿಂದ ಪರೀಕ್ಷಕರು ಬಂದು ‘ಈ ಲವಣ ಯಾವುದು, ಕಂಡುಹಿಡಿ’ ಎಂದು ಕೇಳುವ ಪ್ರಯೋಗ ಪರೀಕ್ಷೆ ಇಲ್ಲ. ಒಂದು ದಿನವೂ ಪ್ರನಾಳವನ್ನು ಕೈಯಲ್ಲಿ ಹಿಡಿಯದ ಮಗು ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದು ಹೊರಬರುವುದು ಸಾಧ್ಯ. ಅಂಥ ಮಕ್ಕಳನ್ನು ನಾನೇ ಕಂಡಿದ್ದೇನೆ. ಆದುದರಿಂದ ಆ ಅಂಕ ಅಳೆಯುವುದು ಏನನ್ನು? ಹೆಚ್ಚಾಗಿ ಕ್ರಮವಾಗಿ ಓದುವುದನ್ನು, ಅಚ್ಚುಕಟ್ಟಾಗಿ ಬರೆಯುವುದನ್ನು, ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವುದನ್ನು. ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ರಸಾಯನಶಾಸ್ತ್ರವೆಂದರೆ ಇಷ್ಟೇ ಅಲ್ಲ.

ಹುಡುಗಿಯರಿಗೆ ಈ ಗುಣಗಳು ಎಲ್ಲಿಂದ ಬಂದುವು? ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಸಂಜೆ ಆರು ಗಂಟೆಯ ಮೇಲೆ ನಡೆದು ನೋಡಿದವರಿಗೆ ಉತ್ತರದ ಅರ್ಧ ಸಿಕ್ಕುತ್ತದೆ. ಹುಡುಗರು ಬೀದಿಯಲ್ಲಿರುತ್ತಾರೆ, ಇಲ್ಲವೇ ಅಪ್ಪನ ಜೊತೆ ಮಗ್ಗದ ಬಳಿ, ಗ್ಯಾರೇಜಿನಲ್ಲಿ, ತೋಟದಲ್ಲಿ. ಹುಡುಗಿಯರನ್ನು ಕತ್ತಲಾದ ಮೇಲೆ ಹೊರಗೆ ಬಿಡುವುದಿಲ್ಲ. ಅವರು ಮನೆಯಲ್ಲಿ ಕಂಡಿಕೆ ಸುತ್ತುತ್ತಾರೆ, ತಮ್ಮನನ್ನು ನೋಡಿಕೊಳ್ಳುತ್ತಾರೆ, ಅನ್ನಕ್ಕಿಡುತ್ತಾರೆ. ಉಳಿದ ಹೊತ್ತಿನಲ್ಲಿ ಮಾಡಲು ಇನ್ನೇನೂ ಇಲ್ಲದೆ ಪುಸ್ತಕ ಹಿಡಿಯುತ್ತಾರೆ. ಬಾಗಿಲು ಹಾಕಿದ್ದೇ ಓದಿಗೆ ಅನುಕೂಲವಾದ ಈ ವಿಚಿತ್ರವನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕೋ ನಾಚಿಕೊಳ್ಳಬೇಕೋ ನನಗೆ ತಿಳಿಯದು.

ಈಗ ಇನ್ನೊಂದು ವಿಚಾರಕ್ಕೆ ಬರೋಣ. ಇತ್ತೀಚಿನ ದಶಕಗಳಲ್ಲಿ ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ‘ಕಲಿಕಾ ಶೈಲಿ’ ಎಂಬ ಮಾತು ಬಹಳವಾಗಿ ಬಳಕೆಗೆ ಬಂದಿದೆ. ಒಬ್ಬೊಬ್ಬ ವಿದ್ಯಾರ್ಥಿಗೂ ತನ್ನದೇ ಆದ ಕಲಿಯುವ ಬಗೆಯಿದೆ; ಒಬ್ಬನು ನೋಡಿ ಕಲಿಯುವವನು, ಒಬ್ಬನು ಕೇಳಿ ಕಲಿಯುವವನು, ಒಬ್ಬಳು ಓದಿ ಬರೆದು ಕಲಿಯುವವಳು, ಇನ್ನೊಬ್ಬನು ಕೈಯಿಂದ ಮಾಡಿ ಕಲಿಯುವವನು; ಆಯಾ ಮಗುವಿಗೆ ಆಯಾ ಬಗೆಯಲ್ಲಿ ಪಾಠ ಹೇಳಿದರೆ ಚೆನ್ನಾಗಿ ಕಲಿಯುತ್ತದೆ ಎಂಬುದು ಇದರ ಸಾರ. ಈ ನಾಲ್ಕು ಬಗೆಗಳ ವಿಂಗಡಣೆಯನ್ನು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1987ರಲ್ಲಿ ರೂಪಿಸಿದರು. ಅದಕ್ಕೆ ಮುಂಚೆ 1984ರಲ್ಲಿ ಅಮೆರಿಕದ ಡೇವಿಡ್ ಕೋಲ್ಬ್ ಬೇರೊಂದು ವಿಂಗಡಣೆಯನ್ನು ಪುಸ್ತಕರೂಪದಲ್ಲಿ ವಿವರಿಸಿದ್ದರು. ಹೀಗೆ ಒಬ್ಬರಾದ ಮೇಲೊಬ್ಬರು ಮಾಡಿದ ವಿಂಗಡಣೆಗಳನ್ನು 2004ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಕಾಫೀಲ್ಡ್ ಮತ್ತು ಅವರ ಸಂಗಡಿಗರು ಎಣಿಸಿದಾಗ 71 ಸಿಕ್ಕಿದುವು! ಎಪ್ಪತ್ತೊಂದು ವೈದ್ಯರು ಒಂದೇ ರೋಗಿಗೆ ಎಪ್ಪತ್ತೊಂದು ಹೆಸರಿನ ಕಾಯಿಲೆ ಹೇಳಿದರೆ ಯಾರನ್ನು ನಂಬುವುದು?

ಈ ಮಾತಿಗೆ ಗಂಡು ಹೆಣ್ಣೆಂಬ ಭೇದವೂ ಬಂದು ಸೇರಿಕೊಂಡಿತು. ‘ಹುಡುಗಿಯರು ಕೇಳಿ, ಬರೆದು ಕಲಿಯುವವರು; ಹುಡುಗರು ಮಾಡಿ ಕಲಿಯುವವರು’ ಎಂದು ಶಿಕ್ಷಕರ ಕೊಠಡಿಗಳಲ್ಲಿ ಸಲೀಸಾಗಿ ಹೇಳುವುದನ್ನು ಕೇಳಿದ್ದೇನೆ. ಈ ಸಂಬಂಧವನ್ನು ಹುಡುಕುವವರು ಸಾಮಾನ್ಯವಾಗಿ ಅನುಸರಿಸುವ ಕ್ರಮವೆಂದರೆ, ಮಕ್ಕಳಿಗೆ ಒಂದು ಪ್ರಶ್ನಾವಳಿ ಹಂಚುವುದು. ‘ಹೊಸ ವಿಷಯ ಕಲಿಯುವಾಗ ನಿನಗೆ ಯಾವುದು ಇಷ್ಟ?’ ಎಂದು ಕೇಳುವುದು. ಬಂದ ಉತ್ತರವನ್ನು ಅಂಕಪಟ್ಟಿಯ ಪಕ್ಕದಲ್ಲಿಟ್ಟು ಲೆಕ್ಕ ಹಾಕುವುದು. ಇದರಲ್ಲಿ ಒಂದು ಸೂಕ್ಷ್ಮವಿದೆ. ಮಗು ಹೇಳಿದ್ದು ತನಗೆ ಯಾವುದು ಇಷ್ಟವೆಂಬುದನ್ನು, ಯಾವುದರಿಂದ ಕಲಿಯುತ್ತೇನೆಂಬುದನ್ನಲ್ಲ. ನನಗೆ ಬೆಲ್ಲ ಇಷ್ಟ. ಅಷ್ಟರಿಂದಲೇ ಬೆಲ್ಲ ನನ್ನ ಮೈಗೆ ಹಿಡಿಯುತ್ತದೆಂದು ಹೇಳಲಾದೀತೆ?

ಕಲಿಕಾ ಶೈಲಿಯ ವಾದವನ್ನು ನಿಜವಾಗಿ ಪರೀಕ್ಷಿಸಬೇಕಾದರೆ ಮಾಡಬೇಕಾದುದೇ ಬೇರೆ. ‘ನೋಡುವ’ ಮಕ್ಕಳನ್ನೂ ‘ಕೇಳುವ’ ಮಕ್ಕಳನ್ನೂ ಚೀಟಿ ಎತ್ತಿದಂತೆ ಎರಡೆರಡು ಗುಂಪು ಮಾಡಿ, ಒಂದಕ್ಕೆ ಚಿತ್ರದಿಂದಲೂ ಇನ್ನೊಂದಕ್ಕೆ ಮಾತಿನಿಂದಲೂ ಅದೇ ಪಾಠವನ್ನು ಹೇಳಿ, ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ನೋಡುವ ಮಕ್ಕಳು ಚಿತ್ರದಿಂದಲೂ ಕೇಳುವ ಮಕ್ಕಳು ಮಾತಿನಿಂದಲೂ ಹೆಚ್ಚು ಕಲಿತರೆ ಮಾತ್ರ ವಾದ ನಿಂತಿತು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಅಮೆರಿಕದ ಮನಶ್ಶಾಸ್ತ್ರಜ್ಞರು ಅದುವರೆಗಿನ ಬರಹಗಳನ್ನೆಲ್ಲ ಜಾಲಾಡಿ ನೋಡಿದರು. ಈ ಕಟ್ಟುನಿಟ್ಟಿನಿಂದ ನಡೆದ ಪ್ರಯೋಗಗಳೇ ಅತಿ ವಿರಳ. ನಡೆದವುಗಳಲ್ಲಿಯೂ ಕೆಲವು ವಾದಕ್ಕೆ ನೇರವಾಗಿ ವಿರುದ್ಧ. ಶಾಲೆಗಳಲ್ಲಿ ಇದನ್ನು ಅನುಸರಿಸಲು ತಕ್ಕ ಆಧಾರವಿಲ್ಲವೆಂದು ಅವರು ತೀರ್ಮಾನಿಸಿದರು.

ಇದನ್ನು ಓದುವ ಮುನ್ನವೇ ರಸಾಯನಶಾಸ್ತ್ರದ ಮೇಷ್ಟರಿಗೆ ಒಂದು ಸಂಶಯ ಬಂದಿರಬೇಕು. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲಕ್ಕೆ ಸತುವಿನ ಚೂರು ಹಾಕಿ, ಬಂದ ಅನಿಲಕ್ಕೆ ಉರಿಯುವ ಕಡ್ಡಿ ಹಿಡಿದರೆ ‘ಪಟ್’ ಎಂದು ಸದ್ದಾಗುತ್ತದೆ, ಅದು ಹೈಡ್ರೋಜನ್. ಅದನ್ನು ಕಿವಿಯಿಂದಲೇ ಕೇಳಬೇಕು. ‘ನೋಡಿ ಕಲಿಯುವ’ ಮಗುವೂ ಕೇಳಬೇಕು. ಲಿಟ್ಮಸ್ ಬಣ್ಣ ತಿರುಗಿದ್ದನ್ನು ಕಣ್ಣಿಂದಲೇ ನೋಡಬೇಕು. ‘ಕೇಳಿ ಕಲಿಯುವ’ ಮಗುವಿಗೆ ಅದನ್ನು ಹಾಡಿ ತೋರಿಸಲಾಗುವುದಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಬೀಕರು ಬಿಸಿಯಾದದ್ದನ್ನು ಕೈಯಿಂದ ಮುಟ್ಟಿ ತಿಳಿಯಬೇಕು. ಸಮೀಕರಣವನ್ನು ಸರಿದೂಗಿಸುವುದನ್ನು ಪೆನ್ಸಿಲು ಹಿಡಿದು ಬರೆದೇ ಕಲಿಯಬೇಕು. ಓಡಾಡಿ ಕಲಿಯುವುದು ಸಾಧ್ಯವಿಲ್ಲ. ಯಾವ ಇಂದ್ರಿಯ ಬೇಕೆಂಬುದನ್ನು ನಿಶ್ಚಯಿಸುವುದು ಪಾಠವೇ ಹೊರತು ಮಗುವಿನ ಹಣೆಯ ಮೇಲೆ ನಾವು ಅಂಟಿಸಿದ ಚೀಟಿಯಲ್ಲ.

ಹಾಗಾದರೆ ರಸಾಯನಶಾಸ್ತ್ರ ಏಕೆ ಕಷ್ಟ? ಹುಡುಗರಿಗೂ ಹುಡುಗಿಯರಿಗೂ ಒಂದೇ ಸಮನೆ ಕಷ್ಟವಾಗುವ ಕಾರಣವನ್ನು ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಅಲೆಕ್ಸ್ ಜಾನ್‌ಸ್ಟನ್ 1991ರಲ್ಲಿ ಬಹಳ ಸ್ಪಷ್ಟವಾಗಿ ತೋರಿಸಿದರು. ರಸಾಯನ ಪಾಠ ಏಕಕಾಲದಲ್ಲಿ ಮೂರು ಅಂತಸ್ತುಗಳಲ್ಲಿ ನಡೆಯುತ್ತದೆ. ಕಣ್ಣಿಗೆ ಕಾಣುವ ಪದಾರ್ಥ ಒಂದು. ಕಾಣದ ಪರಮಾಣು, ಅಣು, ಅಯಾನುಗಳು ಎರಡು. ಕಾಗದದ ಮೇಲಿನ ಸಂಕೇತ, ಸೂತ್ರ, ಸಮೀಕರಣಗಳು ಮೂರು. ಕಲಿತ ಮೇಷ್ಟರು ಈ ಮೂರರ ನಡುವೆ ಮೆಟ್ಟಿಲು ಕಾಣಿಸದ ಹಾಗೆ ಹತ್ತಿ ಇಳಿಯುತ್ತಾರೆ. ಹೊಸದಾಗಿ ಕಲಿಯುವ ಮಗುವಿನ ಮನಸ್ಸಿಗೆ ಮೂರನ್ನೂ ಒಟ್ಟಿಗೆ ಹಿಡಿಯುವಷ್ಟು ಜಾಗವಿಲ್ಲ. ಅದು ಮೂರನೆಯದನ್ನು ಬಾಯಿಪಾಠ ಮಾಡಿ ಉಳಿದೆರಡನ್ನು ಬಿಟ್ಟುಬಿಡುತ್ತದೆ. ಕನ್ನಡ ಮಾಧ್ಯಮದ ಮಗುವಿಗೆ ಮೂರನೆಯ ಅಂತಸ್ತು ಇನ್ನೂ ಕಡಿದಾದದ್ದು. ತಾಮ್ರಕ್ಕೆ ‘ಸಿಯು’ ಏಕೆ, ಕಬ್ಬಿಣಕ್ಕೆ ‘ಎಫ್‌ಇ’ ಏಕೆ, ಸೋಡಿಯಮ್ಮಿಗೆ ‘ಎನ್‌ಎ’ ಏಕೆ ಎಂಬುದಕ್ಕೆ ಕ್ಯುಪ್ರಮ್, ಫೆರ್ರಮ್, ನೇಟ್ರಿಯಂ ಎಂಬ ಲ್ಯಾಟಿನ್ ಹೆಸರುಗಳನ್ನು ಹೇಳದಿದ್ದರೆ ಅವು ಬರಿಯ ಮಾಟದ ಅಕ್ಷರಗಳಾಗಿ ಉಳಿಯುತ್ತವೆ.

ನಮ್ಮ ಜಿಲ್ಲೆಯ ಒಂದು ಉದಾಹರಣೆ ಕೊಡುತ್ತೇನೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿಯ ತೋಟಗಳಿವೆ. ಬೂಜುರೋಗ ಬಾರದಂತೆ ಬಳ್ಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ವಾಡಿಕೆ. ಫ್ರಾನ್ಸಿನ ಬೋರ್ಡೋ ನಗರದಲ್ಲಿ 1885ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಪ್ರಕಟಿಸಿದ ಮದ್ದು ಇದು. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಕಡಿಮೆಯಾಗಿ ಮೈಲುತುತ್ತ ಉಳಿದುಕೊಂಡರೆ ಎಲೆ ಸುಟ್ಟುಹೋಗುತ್ತದೆ. ಅದನ್ನು ತಿಳಿಯಲು ರೈತರು ಹೊಳೆಯುವ ಕಬ್ಬಿಣದ ಅಲಗೊಂದನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ.

ಹತ್ತನೆಯ ತರಗತಿಯ ಹುಡುಗನೊಬ್ಬನನ್ನು ‘ಸ್ಥಾನಪಲ್ಲಟ ಕ್ರಿಯೆಗೆ ಒಂದು ಉದಾಹರಣೆ ಕೊಡಪ್ಪ’ ಎಂದು ಒಮ್ಮೆ ಕೇಳಿದೆ. ಎದ್ದು ನಿಂತು ನೆಲ ನೋಡಿದ. ಅವನ ಮನೆಯವರದು ದ್ರಾಕ್ಷಿ ತೋಟವೆಂದು ನನಗೆ ಗೊತ್ತಿತ್ತು.

‘ತೋಟಕ್ಕೆ ಔಷಧಿ ಕಲಸ್ತೀರಲ್ಲ, ಸರಿಯಾಯ್ತೊ ಇಲ್ವೊ ಹೇಗೆ ತಿಳ್ಕೋತೀರಿ?’

‘ಕುಡುಗೋಲು ಅದ್ದಿ ನೋಡ್ತೀವಿ ಸಾರ್. ಕೆಂಪಗಾದ್ರೆ ಇನ್ನೊಂದಿಷ್ಟು ಸುಣ್ಣ ಹಾಕ್ತಾರೆ ನಮ್ಮಪ್ಪ.’

‘ಆ ಕೆಂಪು ಏನು?’

‘ತುಕ್ಕು ಅಲ್ವಾ ಸಾರ್?’

ಅದು ತುಕ್ಕಲ್ಲ, ತಾಮ್ರ. ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ದ್ರಾವಣಕ್ಕೆ ಇಳಿಯುತ್ತದೆ. ದ್ರಾವಣದಲ್ಲಿದ್ದ ತಾಮ್ರದ ಅಯಾನು ಆ ಎರಡನ್ನು ಪಡೆದು ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಪಠ್ಯಪುಸ್ತಕದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿನಲ್ಲಿ ಇಳಿಬಿಡುವ ಚಟುವಟಿಕೆ ಇದೇ. ಈ ಹುಡುಗ ಹಲವು ಸಲ ಆ ಪ್ರಯೋಗವನ್ನು ತೋಟದಲ್ಲಿ ಮಾಡಿದ್ದಾನೆ. ಆದರೂ ಅದನ್ನು ಪುಸ್ತಕದಲ್ಲಿ ಗುರುತಿಸಲಾರ. ಮೊದಲ ಅಂತಸ್ತಿನಲ್ಲಿ ಅವನು ನಿಪುಣ, ಮೆಟ್ಟಿಲು ಇಲ್ಲ. ‘ಇವನು ಮಾಡಿ ಕಲಿಯುವ ಬಗೆಯವನು’ ಎಂದು ಹೇಳಿ ಇನ್ನೂ ನಾಲ್ಕು ಸಲ ಕುಡುಗೋಲು ಅದ್ದಿಸಿದರೆ ಅವನಿಗೆ ಎಲೆಕ್ಟ್ರಾನು ತಿಳಿಯುವುದಿಲ್ಲ. ಅವನಿಗೆ ಬೇಕಾದದ್ದು ಚಿತ್ರ ಮತ್ತು ಬರವಣಿಗೆ.

ಅದೇ ತರಗತಿಯ ಹುಡುಗಿಯರ ಸ್ಥಿತಿ ತಲೆಕೆಳಗು. ಸಮೀಕರಣವನ್ನು ತಪ್ಪಿಲ್ಲದೆ ಬರೆಯುತ್ತಾರೆ. ‘ಮೊಳೆಯ ಬಣ್ಣ ಎಷ್ಟು ಹೊತ್ತಿಗೆ ಬದಲಾಯಿತು?’ ಎಂದರೆ ಪುಸ್ತಕದಲ್ಲಿ ಅದು ಎಷ್ಟನೆಯ ಪುಟದಲ್ಲಿದೆಯೆಂದು ಹೇಳುತ್ತಾರೆ. ಮನೆಯಲ್ಲಿ ಇವರ ಕೈಯಲ್ಲಿಯೂ ರಸಾಯನ ನಡೆಯುತ್ತಲೇ ಇದೆ. ಅರಿಶಿನಕ್ಕೆ ಚಿಟಿಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದು, ಅರಿಶಿನದ ಕಲೆಗೆ ಸೋಪು ತಾಕಿದರೆ ಕೆಂಪಾಗಿ ಜಾಲಿಸಿದರೆ ಮತ್ತೆ ಹಳದಿಯಾಗುವುದು, ಹುಣಿಸೆಹಣ್ಣಿನಿಂದ ತಾಮ್ರದ ಬಿಂದಿಗೆ ಬೆಳಗುವುದು, ಕೊಳವೆಬಾವಿಯ ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಕರೆ ಕಟ್ಟುವುದು ಎಲ್ಲವೂ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠವೇ. ರೇಷ್ಮೆಯ ಕೆಲಸ ಮಾಡುವ ಮನೆಯ ಮಕ್ಕಳಂತೂ ಸೋಪು ಸೋಡಾ ಹಾಕಿದ ಕುದಿನೀರಿನಲ್ಲಿ ಕಚ್ಚಾ ನೂಲು ತನ್ನ ಅಂಟನ್ನು ಬಿಟ್ಟು ತೂಕದಲ್ಲಿ ಸುಮಾರು ಕಾಲುಭಾಗ ಕಳೆದುಕೊಳ್ಳುವುದನ್ನು ಬಲ್ಲರು. ಆ ಅಂಟು ಸೆರಿಸಿನ್ ಎಂಬ ಪ್ರೋಟೀನು. ಕ್ಷಾರದ ನೀರಿನಲ್ಲಿ ಕರಗುತ್ತದೆ, ಒಳಗಿನ ಫೈಬ್ರಾಯಿನ್ ಕರಗುವುದಿಲ್ಲ. ಆದರೆ ಅಡಿಗೆಮನೆಯ ಕೆಲಸವನ್ನು ಯಾರೂ ವಿಜ್ಞಾನವೆಂದು ಕರೆದವರಿಲ್ಲವಾದ್ದರಿಂದ ಹುಡುಗಿಯರು ಅದನ್ನು ಶಾಲೆಗೆ ತರುವುದಿಲ್ಲ.

ಪ್ರಯೋಗದ ಮೇಜಿನ ಸುತ್ತ ಏನು ನಡೆಯುತ್ತದೆಂಬುದು ಇನ್ನೂ ಮುಖ್ಯ. ನಮ್ಮ ಶಾಲೆಗಳಲ್ಲಿ ಆರೇಳು ಮಕ್ಕಳಿಗೆ ಒಂದು ಸ್ಪಿರಿಟ್ ದೀಪ, ಒಂದು ಸ್ಟ್ಯಾಂಡು ಇದ್ದರೆ ಅದೇ ಭಾಗ್ಯ. ಹುಡುಗರು ಹುಡುಗಿಯರು ಬೆರೆತ ಗುಂಪಿಗೆ ‘ಮಾಡಿ’ ಎಂದು ಬಿಟ್ಟರೆ ಎರಡು ನಿಮಿಷದೊಳಗೆ ಕೆಲಸ ತಾನಾಗಿ ಹಂಚಿಹೋಗುತ್ತದೆ. ದೀಪ, ಕಡ್ಡಿಪೆಟ್ಟಿಗೆ, ಆಮ್ಲದ ಸೀಸೆ ಹುಡುಗರ ಕೈಗೆ. ನೋಟ್‌ಬುಕ್ಕು, ಸ್ಕೇಲು, ಪಾತ್ರೆ ತೊಳೆಯುವುದು ಹುಡುಗಿಯರ ಪಾಲಿಗೆ. ಯಾರೂ ಅಪ್ಪಣೆ ಮಾಡಿದ್ದಲ್ಲ. ವರ್ಷದ ಕೊನೆಯಲ್ಲಿ ಆ ಹುಡುಗಿಯ ಕೈಗೆ ಕಲಿಕಾ ಶೈಲಿಯ ಪ್ರಶ್ನಾವಳಿ ಕೊಟ್ಟರೆ ‘ಬರೆದು ಕಲಿಯುವುದು ಇಷ್ಟ’ ಎಂದು ಗುರುತು ಹಾಕುತ್ತಾಳೆ. ಹುಡುಗ ‘ಮಾಡಿ ಕಲಿಯುವುದು ಇಷ್ಟ’ ಎನ್ನುತ್ತಾನೆ. ಪ್ರಶ್ನಾವಳಿ ಅಳೆದದ್ದು ಅವರ ಸ್ವಭಾವವನ್ನೋ ನಾವು ಹಂಚಿಕೊಟ್ಟ ಕೆಲಸವನ್ನೋ? ಲಿಂಗಕ್ಕೂ ಕಲಿಕಾ ಶೈಲಿಗೂ ಸಂಬಂಧವಿದೆಯೆಂದು ಲೆಕ್ಕ ತೋರಿಸಿದಾಗಲೆಲ್ಲ ನನಗೆ ಈ ಮೇಜು ಕಣ್ಣಿಗೆ ಕಟ್ಟುತ್ತದೆ.

ಒಂದು ವರ್ಷ ನಾನು ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ ಗೊತ್ತುಮಾಡಿದೆ. ಈ ವಾರ ದೀಪ ಹಚ್ಚಿದವರು ಮುಂದಿನ ವಾರ ಬರೆಯಬೇಕು, ಅದರ ಮುಂದಿನ ವಾರ ತೊಳೆಯಬೇಕು. ಮೊದಲ ದಿನ ಆಮ್ಲದ ಸೀಸೆ ಕೈಗೆತ್ತಿಕೊಳ್ಳಬೇಕಾಗಿದ್ದ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಟೆಸ್ಟ್‌ಟ್ಯೂಬು ಒಡೆದುಹೋದ್ರೆ ನಮ್ಮಪ್ಪನ್ನ ಕರ್ಕೊಂಡು ಬರ್ಬೇಕಾ?’ ಅವಳ ಭಯ ಆಮ್ಲದ್ದಲ್ಲ, ಗಾಜಿನ ಬೆಲೆಯದು. ‘ಒಡೆದ್ರೆ ಗುಡಿಸಿದರಾಯ್ತಮ್ಮ, ಯಾರೂ ಬರ್ಬೇಕಾಗಿಲ್ಲ’ ಎಂದ ಮೇಲೆ ಕೈ ಮುಂದೆ ಬಂತು. ಹುಡುಗರಿಗೆ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ಅವರು ಆಗಲೇ ಎರಡು ಒಡೆದಿದ್ದರು. ಸರದಿಯಿಂದ ಹುಡುಗರಿಗೂ ಲಾಭವಾಯಿತು. ನೋಡಿದ್ದನ್ನು ಬರೆಯುವ ವಾರ ಬಂದಾಗ ಅವರಿಗೆ ‘ಬಿಳಿ ಪುಡಿ’ ಮತ್ತು ‘ಬಿಳಿ ಹೊಗೆ’ ಬೇರೆ ಬೇರೆಯೆಂದು ಮೊದಲ ಬಾರಿ ಗಮನಕ್ಕೆ ಬಂತು. ಇದರಿಂದ ಎಷ್ಟು ಅಂಕ ಏರಿತೆಂದು ನಾನು ಲೆಕ್ಕವಿಡಲಿಲ್ಲ. ಪ್ರಶ್ನೆ ಕೇಳುವ ಹುಡುಗಿಯರ ಸಂಖ್ಯೆ ಏರಿದ್ದು ಮಾತ್ರ ಲೆಕ್ಕವಿಲ್ಲದೆಯೇ ಕಾಣುತ್ತಿತ್ತು.

ಪ್ರಶ್ನೆಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ವಿದುಷಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಮಾಡಿ ಆಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಆಮೇಲೆ ತಾವೇ ಉತ್ತರ ಹೇಳುತ್ತಿದ್ದರು, ಇಲ್ಲವೇ ಬೇರೆಯವರನ್ನು ಕೇಳುತ್ತಿದ್ದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದುವು, ಸುಮ್ಮನಿದ್ದ ಮಕ್ಕಳು ಮಾತಾಡಿದರು. ನಮ್ಮ ಹಳ್ಳಿಯ ತರಗತಿಗಳಲ್ಲಿ ಆ ಒಂದು ಸೆಕೆಂಡಿನೊಳಗೆ ‘ಸಾರ್! ಸಾರ್!’ ಎಂದು ಕೂಗುವವರು ಯಾರೆಂದು ಹೇಳಬೇಕಾಗಿಲ್ಲ. ತಪ್ಪಾದರೂ ಕೂಗಬಹುದೆಂಬ ಧೈರ್ಯವನ್ನು ಗಂಡುಮಕ್ಕಳಿಗೆ ಮನೆಯಲ್ಲಿಯೇ ಕೊಟ್ಟಿರುತ್ತಾರೆ.

ಬುದ್ಧಿಶಕ್ತಿಯಲ್ಲಿ ಹುಟ್ಟಿನಿಂದ ಭೇದವೇ ಇಲ್ಲವೆ ಎಂದು ಕೇಳುವವರಿದ್ದಾರೆ. 2005ರಲ್ಲಿ ಜ್ಯಾನೆಟ್ ಹೈಡ್ ಎಂಬ ಮನಶ್ಶಾಸ್ತ್ರಜ್ಞೆ ಗಂಡು ಹೆಣ್ಣುಗಳ ವ್ಯತ್ಯಾಸದ ಬಗೆಗಿನ 46 ದೊಡ್ಡ ಸಮೀಕ್ಷೆಗಳನ್ನು ಕೂಡಿಸಿ ನೋಡಿದಾಗ, ವ್ಯತ್ಯಾಸಗಳಲ್ಲಿ ಶೇಕಡ 78ರಷ್ಟು ಅತ್ಯಲ್ಪ ಅಥವಾ ಸೊನ್ನೆಯ ಹತ್ತಿರ. ವಸ್ತುವೊಂದನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವ ಶಕ್ತಿಯಲ್ಲಿ ಹುಡುಗರ ಸರಾಸರಿ ಮುಂದಿದೆಯೆಂಬುದು ನಿಜ. ಮೀಥೇನಿನ ಅಣುವಿನ ಆಕಾರವನ್ನು ಊಹಿಸಿಕೊಳ್ಳಲು ಇದು ಬೇಕು. ಆದರೆ ಅಭ್ಯಾಸದಿಂದ ಈ ಶಕ್ತಿ ಇಬ್ಬರಲ್ಲಿಯೂ ಬೆಳೆಯುತ್ತದೆಂದು 2013ರಲ್ಲಿ ಡೇವಿಡ್ ಉಟ್ಟಲ್ ಮತ್ತು ಸಂಗಡಿಗರು 217 ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದಾರೆ. ಜೇಡಿಮಣ್ಣಿನ ಉಂಡೆ, ಪೊರಕೆಕಡ್ಡಿ ಇದ್ದರೆ ಅಣುವಿನ ಮಾದರಿ ಮಾಡಲು ಸಾಕು. ಅಂದಹಾಗೆ ಹದಿನೈದು ಚುಕ್ಕಿಯ ರಂಗೋಲಿಯನ್ನು ಎಲ್ಲಿಯೂ ತಪ್ಪದೆ ತಿರುಗಿಸಿ ತಂದು ಕೂಡಿಸುವ ಹುಡುಗಿಗೆ ಆಕಾರಜ್ಞಾನ ಕಡಿಮೆಯೆಂದು ಹೇಳಲು ನನಗಂತೂ ನಾಲಿಗೆ ಬರುವುದಿಲ್ಲ.

ಹಾಗಾದರೆ ಹಿಂಜರಿಕೆ ಬಂದದ್ದೆಲ್ಲಿಂದ? 1983ರಲ್ಲಿ ಡೇವಿಡ್ ಚೇಂಬರ್ಸ್ ಎಂಬವರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. 4,807 ಚಿಕ್ಕ ಮಕ್ಕಳಿಗೆ ‘ವಿಜ್ಞಾನಿಯ ಚಿತ್ರ ಬರೆಯಿರಿ’ ಎಂದು ಹೇಳಿದ್ದರು. ಅಷ್ಟರಲ್ಲಿ ಹೆಂಗಸಿನ ಚಿತ್ರ ಬಂದದ್ದು 28 ಮಾತ್ರ, ಬರೆದವರೆಲ್ಲ ಹುಡುಗಿಯರೇ. ಒಬ್ಬ ಹುಡುಗನಿಗೂ ಹೊಳೆಯಲಿಲ್ಲ.

ನಮ್ಮ ಬೆಂಗಳೂರಿನಲ್ಲಿಯೇ ನಡೆದ ಒಂದು ಸಂಗತಿಯನ್ನು ಈ ಮಕ್ಕಳಿಗೆ ಹೇಳಬಹುದಾಗಿತ್ತು. 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ತರುಣಿ ಭಾರತೀಯ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿತವರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಂಗಸೆಂಬ ಕಾರಣದಿಂದ ಅರ್ಜಿಯನ್ನು ತಿರಸ್ಕರಿಸಿದರು. ತರುಣಿ ಹಿಂದಿರುಗಲಿಲ್ಲ, ಬೆಂಗಳೂರಿಗೆ ಬಂದು ಕಾರಣ ಕೇಳಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಕೆಲಸ ತೃಪ್ತಿಕರವೆಂದು ರಾಮನ್ನರೇ ಒಪ್ಪಿಕೊಂಡರು. ಆಮೇಲೆ ಆ ಬಾಗಿಲು ಇತರ ಹೆಂಗಸರಿಗೂ ತೆರೆಯಿತು. ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಅವರು ಇಲ್ಲಿ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟು ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು ಇವರೇ. ನೊಬೆಲ್ ಬಹುಮಾನ ಪಡೆದ ಕಣ್ಣುಗಳೂ ಬಾಗಿಲಲ್ಲಿ ನಿಂತಿದ್ದ ರಸಾಯನಜ್ಞೆಯನ್ನು ಒಮ್ಮೆಗೇ ಗುರುತಿಸಲಿಲ್ಲವೆಂದಮೇಲೆ, ಕಾಲೇಜಿನ ಕಿಟಕಿಯ ಮುಂದೆ ನಿಂತ ತಂದೆಯನ್ನು ಮಾತ್ರ ದೂರುವುದು ನ್ಯಾಯವಲ್ಲ.

ಆ ತಂದೆಯ ಕಷ್ಟವೂ ಬೇರೆಯಿದೆ. ವಿಜ್ಞಾನ ವಿಭಾಗವಿರುವ ಪದವಿಪೂರ್ವ ಕಾಲೇಜು ತಾಲ್ಲೂಕು ಕೇಂದ್ರದಲ್ಲಿರುತ್ತದೆ. ಪ್ರಯೋಗ ತರಗತಿ ಮುಗಿಯುವುದು ಸಂಜೆ. ಹಳ್ಳಿಗೆ ಕೊನೆಯ ಬಸ್ಸು ಅದಕ್ಕೆ ಕಾಯುವುದಿಲ್ಲ. ಮನೆಪಾಠದ ಖರ್ಚು ಬೇರೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬರಿಗೆ ಮಾತ್ರ ಹಣ ಹೊಂದುವಂತಿದ್ದರೆ, ಅಕ್ಕನಿಗೆ ಹೆಚ್ಚು ಅಂಕ ಬಂದಿದ್ದರೂ ತಮ್ಮ ಸೈನ್ಸಿಗೆ ಹೋಗುತ್ತಾನೆ. ನಮ್ಮ ಕಾಲೇಜಿನ ಕಲಾ ತರಗತಿಗಳಲ್ಲಿ ಕುಳಿತಿರುವ ಅನೇಕ ಅಕ್ಕಂದಿರು ಈ ಮಾತನ್ನು ನನಗಿಂತ ಚೆನ್ನಾಗಿ ಬಲ್ಲರು. ಇತಿಹಾಸ, ಸಾಹಿತ್ಯಗಳನ್ನು ಇಷ್ಟಪಟ್ಟು ಆರಿಸಿಕೊಂಡು ಬಂದವರ ಮಾತು ಬೇರೆ, ಅವರಿಗೆ ಸ್ವಾಗತ. ‘ನನಗೆ ಕೆಮಿಸ್ಟ್ರಿ ಬರುವುದಿಲ್ಲ’ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು ಬಂದವರ ವಿಷಯದಲ್ಲಿ ಮಾತ್ರ ನನಗೆ ತಕರಾರು.

ಮುಂದೆ ಶಾಲೆಗಳಿಗೆ ಹೋಗುವವರಿಗೆ ಒಂದೆರಡು ಕೆಲಸದ ಮಾತು. ಸಾಮಾನು ಬಂದಿಲ್ಲವೆಂದು ಕಾಯಬೇಕಾಗಿಲ್ಲ. ಅರಿಶಿನ, ಸುಣ್ಣ, ಹುಣಿಸೆಹಣ್ಣು, ಅಡಿಗೆ ಸೋಡಾ, ನಾಲ್ಕು ಮೊಳೆ ಮನೆಯಲ್ಲಿಯೇ ಸಿಕ್ಕುತ್ತವೆ. ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತ ದೊರೆಯುತ್ತದೆ. (ಅದು ವಿಷ, ಬಾಯಿಗೆ ತಾಕದಂತೆ, ಕೈ ತೊಳೆಯುವಂತೆ ನೋಡಿಕೊಳ್ಳಬೇಕು.) ಮೊದಲ ದಿನ ಮಕ್ಕಳು ನೋಡಲಿ, ಮುಟ್ಟಲಿ, ತಮ್ಮ ಮಾತಿನಲ್ಲಿ ಹೇಳಲಿ, ಸಮೀಕರಣದ ಸುದ್ದಿ ಬೇಡ. ಎರಡನೆಯ ದಿನ ಕಣಗಳನ್ನು ಚುಕ್ಕಿಗಳಾಗಿ ಬರೆದು, ಯಾವುದು ಎಲ್ಲಿಗೆ ಹೋಯಿತೆಂದು ಕೇಳಬೇಕು. ಮೂರನೆಯ ದಿನ ಸಂಕೇತ. ಪಾಠ ಎರಡು ದಿನ ತಡವಾಗುತ್ತದೆ. ಪರೀಕ್ಷೆಯ ಮುನ್ನ ಮತ್ತೆ ಹೇಳಿಕೊಡುವ ಒಂದು ವಾರ ಉಳಿಯುತ್ತದೆ. ಶಾಲೆಯೊಳಗಿನ ಆ 20 ಅಂಕಗಳನ್ನು ಕೊಡುವಾಗ ಪ್ರತಿ ಮಗುವೂ ಒಂದು ಪ್ರಯೋಗವನ್ನಾದರೂ ಒಂಟಿಯಾಗಿ ಮಾಡಿ ತೋರಿಸುವಂತೆ ಏರ್ಪಡಿಸಿಕೊಳ್ಳುವುದು ಶಿಕ್ಷಕರ ಕೈಯಲ್ಲಿಯೇ ಇದೆ. ಅದಕ್ಕೆ ಮೇಲಿನಿಂದ ಸುತ್ತೋಲೆ ಬರಬೇಕಾಗಿಲ್ಲ. ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿರಿ. ಇಲ್ಲದಿದ್ದರೆ ಎರಡನೆಯ ವಾರಕ್ಕೇ ಕಡ್ಡಿಪೆಟ್ಟಿಗೆ ಹುಡುಗರ ಜೇಬಿಗೆ ಹೋಗಿರುತ್ತದೆ.